ಬಯಲಲ್ಲಿ ಟರ್ಕಿ ಬೇಟೆ: ಡಿಕಾಯ್ ಎಲ್ಲಿಡಬೇಕು, ಬ್ಲೈಂಡ್ ಎಲ್ಲಿ ಹಾಕಬೇಕು? (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ತೀರ್ಥಹಳ್ಳಿ ಕಡೆಯವನು, ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ತರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಕೆಲವು ಇಲ್ಲಿನ ಕನ್ನಡದ ಗೆಳೆಯರದ್ದು, ಕೆಲವು ಊರಿಂದ, ಒಂದೆರಡು ಮನೆಯೊಳಗಿಂದಲೇ. ಪ್ರತಿ ಸಲ ಉದ್ದುದ್ದ ವಾಯ್ಸ್ ಮೆಸೇಜ್ ಹಾಕಿ ಸಾಕಾಯ್ತು, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ. ಇದೆಲ್ಲ ಬಯಲಿನ ಮಾತು. ಕೊಯ್ದ ಮೆಕ್ಕೆಜೋಳದ ಕೂಳೆ, ಹುಲ್ಲುಗಾವಲು, ಕುದುರೆಮೆಂತ್ಯದ ಹೊಲ, ಇಂಥ ಕಡೆ. ಕಾಡೊಳಗಿನ ಲೆಕ್ಕ ಬೇರೆ.

## ಶುರುವಿನ ಪ್ರಶ್ನೆಗಳು

ಟರ್ಕಿ ಅಂದ್ರೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಗೋ ಆ ದೊಡ್ಡ ಕೋಳಿನೇ ಅಲ್ವಾ? ಅದನ್ನ ಬೇಟೆ ಆಡೋದೇನು ಬಂತು?

ಜಾತಿ ಒಂದೇ, ಬದುಕು ಬೇರೆ. ಅಂಗಡಿಯದ್ದು ಬಿಳಿ, ಮೈ ಭಾರಕ್ಕೆ ಹಾರಲಾರದು. ಕಾಡಿನದ್ದು ಕಂಚಿನ ಬಣ್ಣ, ರಾತ್ರಿ ಎತ್ತರದ ಮರದಲ್ಲಿ ಮಲಗುತ್ತದೆ, ನಸುಕಲ್ಲಿ ಹಾರಿ ಇಳಿಯುತ್ತದೆ, ಅನುಮಾನ ಬಂದರೆ ಓಡಿಯೇ ಮಾಯವಾಗುತ್ತದೆ. ದೊಡ್ಡ ಹುಂಜ 8ರಿಂದ 11 ಕೆ.ಜಿ. ತೂಗುತ್ತದೆ. ಇದು ಅಮೆರಿಕದ ನೆಲದ್ದೇ ಹಕ್ಕಿ. ನಮ್ಮ ಕಡೆಗೂ ಬಹಳ ಹಿಂದೆಯೇ ಬಂದಿತ್ತು. 1612ರಲ್ಲಿ ಗೋವಾದಿಂದ ತಂದ ಒಂದು ಟರ್ಕಿಯನ್ನು ನೋಡಿ ಜಹಾಂಗೀರ್ ಬಾದಶಹ ಬೆರಗಾಗಿ, ಮನ್ಸೂರ್ ಎಂಬ ಚಿತ್ರಗಾರನಿಂದ ಅದರ ಚಿತ್ರ ಬರೆಸಿದ.

ವಿಸ್ಕಾನ್ಸಿನ್‌ನಲ್ಲಿ ಈ ಹಕ್ಕಿ 1880ರ ದಶಕದ ಹೊತ್ತಿಗೆ ಪೂರ್ತಿ ಅಳಿದುಹೋಗಿತ್ತು. ಕಾಡು ಕಡಿದದ್ದು, ಸಿಕ್ಕಾಪಟ್ಟೆ ಹೊಡೆದದ್ದು, ಎರಡೂ ಸೇರಿ. 1976ರಲ್ಲಿ ಮಿಸ್ಸೂರಿ ರಾಜ್ಯದಿಂದ ಹಿಡಿದು ತಂದು ಬಿಟ್ಟರು, ಬದಲಿಗೆ ಇಲ್ಲಿಂದ ಗ್ರೌಸ್ ಹಕ್ಕಿಗಳನ್ನು ಕೊಟ್ಟರು. ಪಕ್ಕಾ ಸಂತೆ ವ್ಯಾಪಾರ. 1983ರಲ್ಲಿ ಮತ್ತೆ ಬೇಟೆಗೆ ಅವಕಾಶ ಆಯ್ತು. ಈಗ ಆಫೀಸಿಗೆ ಹೋಗುವ ದಾರಿಯಲ್ಲೇ ಹಿಂಡು ಕಾಣುತ್ತದೆ.

ಅಣ್ಣಾ, ಡಿಕಾಯ್ ಏನು, ಬ್ಲೈಂಡ್ ಏನು? ಎರಡೂ ಬೇಕೇ ಬೇಕಾ?

ಡಿಕಾಯ್ ಅಂದರೆ ನಕಲಿ ಕೋಳಿ. ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಇರುತ್ತದೆ, ಕಡ್ಡಿ ಮೇಲೆ ನಿಲ್ಲಿಸುವುದು. ಬ್ಲೈಂಡ್ ಅಂದರೆ ನಾವು ಅಡಗುವ ಮರೆ, ಗುಡಾರದ ತರ ಬಿಚ್ಚಿಕೊಳ್ಳುವ ಬಟ್ಟೆಗೂಡು, ಸುತ್ತ ಕಿಟಕಿ. ಸಾಕಿದ ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ ಕಾಡು ಗೌಜಲು ಹಿಡಿಯುತ್ತಿದ್ದರಲ್ಲ, ಉಪಾಯ ಅದೇ. ಆದರೆ ಇಲ್ಲಿ ಜೀವಂತ ಹಕ್ಕಿ ಕಟ್ಟುವಂತಿಲ್ಲ, ಕಾಳು ಚೆಲ್ಲುವಂತಿಲ್ಲ, ಸ್ಪೀಕರಿನಲ್ಲಿ ಕೂಗು ಹಾಕುವಂತಿಲ್ಲ. ಮರದ ಪೆಟ್ಟಿಗೆ ಉಜ್ಜಿಯೋ ಬಾಯಲ್ಲಿ ಪೊರೆ ಇಟ್ಟುಕೊಂಡೋ ಹೇಂಟೆಯ ಕೂಗನ್ನು ನೀವೇ ಹೊರಡಿಸಬೇಕು.

ಕಾಡೊಳಗೆ ಎರಡೂ ಇಲ್ಲದೆ ನಡೆಯುತ್ತದೆ. ಒಂದು ದಪ್ಪ ಮರಕ್ಕೆ ಬೆನ್ನು ಕೊಟ್ಟು ಅಲ್ಲಾಡದೆ ಕೂತರೆ ಸಾಕು. ಬಯಲಲ್ಲಿ ಹಾಗಲ್ಲ. ಹೇಂಟೆ ಕೂಗಿದ ಜಾಗವನ್ನು ಹುಂಜ 200 ಗಜದಿಂದಲೇ ನೋಡುತ್ತದೆ. ಅಲ್ಲಿ ಹೇಂಟೆ ಕಾಣದಿದ್ದರೆ ಅದು ಹತ್ತಿರ ಯಾಕೆ ಬರಬೇಕು? ಅದಕ್ಕೆ ಡಿಕಾಯ್. ಇನ್ನು ಬ್ಲೈಂಡ್ ಮುಚ್ಚುವುದು ನಿಮ್ಮನ್ನಲ್ಲ, ನಿಮ್ಮ ಚಲನೆಯನ್ನು. ಟರ್ಕಿಗೆ ವಾಸನೆ ಅಷ್ಟಕ್ಕಷ್ಟೆ, ಆದರೆ ಕಣ್ಣು ತಲೆಯ ಎರಡು ಪಕ್ಕಕ್ಕಿದ್ದು ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಬಣ್ಣವೂ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ.

ಭಾವ, ಈ ಐಡಿಯಾ ನಮ್ಮೂರ ಗದ್ದೆ ಬಯಲಲ್ಲಿ ನಡೆಯುತ್ತಾ? ನವಿಲು ಕಾಟ ಜಾಸ್ತಿ ಆಗಿದೆ.

ಇಲ್ಲ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ನವಿಲಂತೂ ಅದರ ಮೊದಲ ಪಟ್ಟಿಯಲ್ಲೇ ಇದೆ. ಮರೆ ಕಟ್ಟಿ ಕ್ಯಾಮೆರಾ ಹಿಡಿದು ಕೂರುವುದಾದರೆ ಕೆಳಗೆ ಬ್ಲೈಂಡ್ ಬಗ್ಗೆ ಬರೆದದ್ದೆಲ್ಲ ಉಪಯೋಗಕ್ಕೆ ಬರುತ್ತದೆ.

ಸರ್, ನಾನು ಎಚ್-1ಬಿ ಮೇಲೆ ಇದ್ದೀನಿ. ಕೋವಿ ಮುಟ್ಟಬಹುದಾ?

ಇದನ್ನು ಸುಮ್ನೆ ಸ್ನೇಹಿತರ ಮಾತು ನಂಬಿ ಮಾಡಬೇಡಿ. ಎಚ್-1ಬಿ, ಎಫ್-1 ತರದ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಗೆಳೆಯನ ಕೋವಿ ಹಿಡಿದು ನೋಡುವ ಮೊದಲೂ ಅಷ್ಟೆ. ವೀಸಾ ವಿಷಯ ಆದ್ದರಿಂದ ವಕೀಲರನ್ನು ಒಂದು ಮಾತು ಕೇಳಿಬಿಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಇನ್ನು ವಿಸ್ಕಾನ್ಸಿನ್‌ನಲ್ಲಿ, 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ವಸಂತದ ಬೇಟೆ ಏಪ್ರಿಲ್‌ನ ಮೂರನೇ ಬುಧವಾರ ಶುರುವಾಗಿ, ಏಳೇಳು ದಿನದ ಆರು ಸರದಿಗಳಲ್ಲಿ ನಡೆಯುತ್ತದೆ. ನಿಮಗೆ ಯಾವ ವಲಯ, ಯಾವ ವಾರ ಸಿಕ್ಕಿದೆಯೋ ಅಲ್ಲೇ, ಆಗಲೇ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ರೂಲ್ ಪುಸ್ತಕ ನೋಡಿ. ಡಿಕಾಯ್ ವಿಷಯದಲ್ಲೂ ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಇದೆ. ಅಲಬಾಮದಲ್ಲಿ 2022ರಿಂದ ಸೀಸನ್ನಿನ ಮೊದಲ ಹತ್ತು ದಿನ ಡಿಕಾಯ್ ಇಡುವಂತಿಲ್ಲ ಅಂತ ಮಾಡಿದರು.

ಹುಂಜ ಯಾವುದು, ಹೇಂಟೆ ಯಾವುದು, ಈ ‘ಜೇಕ್’ ಅಂದ್ರೆ ಯಾರು?

ಹುಂಜದ ತಲೆ ಬೋಳು, ಕೆಂಪು-ಬಿಳಿ-ನೀಲಿ, ಕೋಪ-ಖುಷಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಎದೆಯಿಂದ ಕುದುರೆಬಾಲದ ಕೂದಲಿನಂಥ ಗಡ್ಡ ಜೋತಿರುತ್ತದೆ. ಹೇಂಟೆ ಚಿಕ್ಕದು, ಕಂದು, ತಲೆ ಮಂಕು. ಜೇಕ್ ಅಂದರೆ ಒಂದು ವರ್ಷದ ಹುಂಜ, ನಮ್ಮ ಮೀಸೆ ಚಿಗುರುವ ಹುಡುಗರ ಹಾಗೆ. ಗಡ್ಡ ಬೆರಳುದ್ದ. ಬಾಲ ಬಿಚ್ಚಿದರೆ ನಡುವಿನ ಗರಿಗಳು ಮಾತ್ರ ಉದ್ದ. ದೊಡ್ಡ ಹುಂಜದ್ದು ಬೀಸಣಿಗೆಯಂತೆ ಸಮ. ಈ ವ್ಯತ್ಯಾಸ ಡಿಕಾಯ್ ಇಡುವಾಗ ಬೇಕೇ ಬೇಕು, ಮರೆಯಬೇಡಿ.

## ಜಾಗ ಮತ್ತು ಬ್ಲೈಂಡ್

ರೈತ ಒಪ್ಪಿದ್ದಾನೆ, ಆದ್ರೆ 60 ಎಕರೆ ಬಯಲು. ಎಲ್ಲಿಂದ ಶುರು ಮಾಡೋದು?

ಹಿಂದಿನ ಸಂಜೆಯಿಂದ. ಕಾರು ದೂರ ನಿಲ್ಲಿಸಿ, ದುರ್ಬೀನು ಹಿಡಿದು, ಯಾವ ಮರಗಳಿಗೆ ಹತ್ತುತ್ತವೆ ಅಂತ ನೋಡಿ. ಕತ್ತಲಾಗುವ ಹೊತ್ತಿಗೆ ರೆಕ್ಕೆ ಬಡಿಯುವ ಸದ್ದು ಕೇಳಿಸುತ್ತದೆ. ಬೆಳಿಗ್ಗೆ ಇಳಿದು ಬಯಲಿಗೆ ಎಲ್ಲಿಂದ ಕಾಲಿಡುತ್ತವೆ ಅನ್ನುವುದೇ ಮುಖ್ಯ. ಸಾಮಾನ್ಯವಾಗಿ ಹೊಲದ ಮೂಲೆ, ಇಲ್ಲವೇ ಕಾಡು ಮೂಗಿನ ಹಾಗೆ ಹೊಲದೊಳಗೆ ಚಾಚಿರುವ ಜಾಗ, ಇಲ್ಲವೇ ಟ್ರ್ಯಾಕ್ಟರ್ ಓಣಿ.

ಆಮೇಲೆ ನೆಲ ನೋಡಿ. ಹುಂಜ ಗರಿ ಕೆದರಿ ಮೆರೆಯುವಾಗ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಹಸಿ ಮಣ್ಣಲ್ಲಿ ಹೆಜ್ಜೆಗಳ ಎರಡೂ ಪಕ್ಕ ಪೊರಕೆಯಿಂದ ಗೀಚಿದಂತೆ ಗೆರೆ ಇರುತ್ತದೆ. ಹಿಕ್ಕೆಯೂ ಹೇಳುತ್ತದೆ. ಹುಂಜದ್ದು ಉದ್ದಕ್ಕಿದ್ದು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ಹೇಂಟೆಯದ್ದು ಸುರುಳಿ ಮುದ್ದೆ. ಈ ಎರಡು ಒಂದೇ ಕಡೆ ಜಾಸ್ತಿ ಕಂಡರೆ 60 ಎಕರೆ ನಿಮಗೆ ಅರ್ಧ ಎಕರೆ ಆಯ್ತು ಅಂತ ತಿಳಿಯಿರಿ. ಒಂದು ಎಚ್ಚರ. ನಿಮಗೂ ಹಕ್ಕಿಗೂ ನಡುವೆ ಜಾಲರಿ ಬೇಲಿ, ಹಳ್ಳ ಇರಬಾರದು. ಹಾರಿ ದಾಟುವ ಶಕ್ತಿ ಇದ್ದರೂ ಬೇಲಿಗುಂಟ ಅತ್ತಿತ್ತ ಓಡಾಡಿ ಬೇಜಾರಾಗಿ ಹೊರಟುಹೋಗುತ್ತದೆ. ಅದರ ಕಡೆಗೇ ನೀವು ಹೋಗಿ ಕೂರಿ.

ರೈತ ಒಪ್ಪಿದ್ದು ಹೇಗೆ ಅಂತ ಕೇಳುವವರಿಗೆ: ಫೆಬ್ರವರಿಯಲ್ಲೇ ಹೋಗಿ ಬಾಗಿಲು ತಟ್ಟಿ. ನಾನು ಚಕ್ಕುಲಿ ಡಬ್ಬ ಒಯ್ಯುತ್ತೇನೆ. ಇವತ್ತಿನವರೆಗೆ ಖಾಲಿ ಡಬ್ಬ ವಾಪಸ್ ಬಂದಿಲ್ಲ, ಅದರಲ್ಲಿ ಏನಾದರೂ ತುಂಬಿಯೇ ಕೊಡುತ್ತಾರೆ.

ಬಟಾಬಯಲಲ್ಲಿ ಗುಡಾರ ಹಾಕಿದ್ರೆ ಕೋಳಿ ಹೆದರಲ್ವಾ?

ಇದೇ ವಿಚಿತ್ರ. ಜಿಂಕೆಯಾದರೆ ಹೊಸ ಬ್ಲೈಂಡ್ ಕಂಡು ವಾರಗಟ್ಟಲೆ ಅನುಮಾನ ಪಡುತ್ತದೆ. ಟರ್ಕಿ ಅದೇ ಬೆಳಿಗ್ಗೆ ಹಾಕಿದ ಬ್ಲೈಂಡಿನ ಹತ್ತು ಗಜದಲ್ಲಿ ಮೇಯುತ್ತದೆ. ಅಲ್ಲಾಡದ ವಸ್ತುವಿನ ಬಗ್ಗೆ ಅದಕ್ಕೆ ತಕರಾರಿಲ್ಲ. ಪಟಪಟ ಬಡಿಯುವ ಬಟ್ಟೆ ಬಗ್ಗೆ ಇದೆ. ಆದ್ದರಿಂದ ಬಯಲ ನಡುವೆ ಹಾಕಬಹುದು, ಮೂಲೆಯಲ್ಲೇ ಅವಿತು ಕೂರಬೇಕೆಂದಿಲ್ಲ.

ಆದರೂ ನನ್ನ ಆಯ್ಕೆ ಅಂಚು. ಕಾರಣ ಕೋಳಿಯಲ್ಲ, ನಾನು. ಕತ್ತಲಲ್ಲಿ ಬಯಲಿನ ನಡುವಿಗೆ ನಡೆದು ಹೋಗುವಾಗ ಮರದ ಮೇಲಿನ ಹಕ್ಕಿಗಳು ಮೇಲಿಂದ ನೋಡುತ್ತಿರುತ್ತವೆ, ಏಪ್ರಿಲ್‌ನಲ್ಲಿ ಎಲೆಯೂ ಚಿಗುರಿರುವುದಿಲ್ಲ. ಅಂಚಿನಲ್ಲಾದರೆ ಹಿಂದಿನ ಕಾಡಿನ ಕಪ್ಪು ನನ್ನನ್ನು ನುಂಗುತ್ತದೆ. ದಿಬ್ಬದ ನೆತ್ತಿಯಲ್ಲಿ ಮಾತ್ರ ಬ್ಲೈಂಡ್ ಹಾಕಬೇಡಿ. ಆಕಾಶಕ್ಕೆ ಎದುರಾಗಿ ಎರಡು ಕಿಟಕಿಗಳ ಬೆಳಕು ಆರಪಾರ ಕಂಡು, ಒಳಗಿನ ನಿಮ್ಮ ತಲೆ ತೊಗಲುಗೊಂಬೆ ಪರದೆಯ ಗೊಂಬೆಯಂತಾಗುತ್ತದೆ.

ಕಿಟಕಿ ಯಾವ ದಿಕ್ಕಿಗೆ ಇರಲಿ?

ಬೆಳಗಿನ ಬೇಟೆಗೆ ಬೆನ್ನು ಪೂರ್ವಕ್ಕೆ. ಸೂರ್ಯ ಹಿಂದೆ ಇದ್ದರೆ ನಿಮ್ಮ ಕಿಟಕಿ ನೆರಳಲ್ಲಿರುತ್ತದೆ, ಡಿಕಾಯ್ ಮೇಲೆ ಬೆಳಕು ಬೀಳುತ್ತದೆ, ಬಿಸಿಲು ಹಕ್ಕಿಯ ಕಣ್ಣಿಗೆ ಹೊಡೆಯುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ ಏಳು ಗಂಟೆ ಬಿಸಿಲು ಸೀದಾ ಒಳಗೆ ಬಂದು ನಿಮ್ಮ ಮುಖವನ್ನೇ ದೀಪ ಹಚ್ಚಿಟ್ಟ ಹಾಗೆ ಮಾಡುತ್ತದೆ. ಜಾಗ ಹಾಗೆಯೇ ಇದೆ, ಬೇರೆ ದಾರಿ ಇಲ್ಲ ಅಂದರೆ ಮರದ ನೆರಳು ಬೀಳುವ ಕಡೆ ಹಾಕಿ.

ಬ್ಲೈಂಡ್ ಒಳಗಿದ್ರೂ ನನ್ನ ನೋಡಿ ಓಡಿಹೋಯ್ತು. ಹೆಂಗೆ?

ಎಲ್ಲ ಕಿಟಕಿ ತೆರೆದಿದ್ದಿರಿ ಅಲ್ವಾ? ಎಲ್ಲರೂ ಮೊದಲ ದಿನ ಇದೇ ಮಾಡುತ್ತಾರೆ. ನಾಲ್ಕೂ ಕಡೆ ನೋಡುವ ಆಸೆ. ಹಿಂದಿನದ್ದು, ಪಕ್ಕದ್ದು ಮುಚ್ಚಿ, ಈಡು ಹೊಡೆಯುವ ಕಡೆ ಒಂದೆರಡು ಮಾತ್ರ ಬಿಡಿ. ಬ್ಲೈಂಡಿನ ಒಳಮೈ ಕಪ್ಪಗಿರುತ್ತದೆ, ನೀವೂ ಕಪ್ಪು ಅಂಗಿ, ಕಪ್ಪು ಕೈಗವಸು, ಕಪ್ಪು ಮುಖವಸ್ತ್ರ ಹಾಕಿ. ಎಲೆಹಸಿರು ಚಿತ್ತಾರದ ಬಟ್ಟೆ ಒಳಗೆ ಎದ್ದು ಕಾಣುತ್ತದೆ. ಕುರ್ಚಿಯನ್ನು ಕಿಟಕಿಗೆ ಅಂಟಿಸದೆ ಹಿಂಗೋಡೆಯ ಕಡೆ ಎಳೆದುಕೊಳ್ಳಿ. ಕೋವಿಯ ಬಾಯಿ ಕಿಟಕಿಯಿಂದ ಮೊದಲೇ ಹೊರಗಿಣುಕದಿರಲಿ. ಕುರ್ಚಿಯ ಕೆಳಗಿನ ಒಣ ಎಲೆ, ಕೂಳೆಯನ್ನೆಲ್ಲ ಕಾಲಲ್ಲಿ ಸರಿಸಿ ಬರಿ ಮಣ್ಣು ಮಾಡಿಕೊಳ್ಳಿ. ಅವಕ್ಕೆ ಕಿವಿಯೂ ಚುರುಕು.

ಆ ಕಪ್ಪು ಅಂಗಿಯನ್ನು ಬ್ಲೈಂಡ್ ಒಳಗೆ ಹೋದ ಮೇಲೆ ಹಾಕಿ, ಹೊರಬರುವ ಮೊದಲು ತೆಗೆಯಿರಿ. ಯಾಕೆ ಅಂತ ಮುಂದೆ ಸುರಕ್ಷತೆಯ ಪ್ರಶ್ನೆಯಲ್ಲಿದೆ.

ಗಾಳಿಗೆ ಬ್ಲೈಂಡ್ ಹಾರಿ ಪಕ್ಕದ ಹೊಲಕ್ಕೆ ಹೋಯ್ತು. ಏನ್ ಮಾಡ್ಲಿ?

ಮೊದಲು ಓಡಿ ಹಿಡಿಯಿರಿ. ಮುಂದಿನ ಸಲ ನಾಲ್ಕು ಮೂಲೆಗೂ ಗೂಟ ಹೊಡೆದು, ಪಕ್ಕದ ಕೊಂಡಿಗಳಿಂದ ಹಗ್ಗ ಎಳೆದು ಕಟ್ಟಿ. ಬ್ಲೈಂಡ್ ಜತೆ ಬರುವ ಕಡ್ಡಿ ಗೂಟ ಉತ್ತ ಹೊಲದಲ್ಲಿ ನಿಲ್ಲುವುದಿಲ್ಲ, ಒಂದಡಿ ಉದ್ದದ್ದು ಬೇಕು. ಸಡಿಲ ಬಟ್ಟೆಯನ್ನು ಬಿಗಿದು ಮಡಚಿ.

ಹುಲ್ಲುಗಾವಲಲ್ಲಿ ದನ ಇದ್ರೆ ತೊಂದರೆನಾ?

ಕೋಳಿಗೆ ತೊಂದರೆ ಇಲ್ಲ, ದನದ ನಡುವೆ ಆರಾಮಾಗಿ ಮೇಯುತ್ತವೆ. ತೊಂದರೆ ನಿಮಗೆ. ಒಂದು ಮೇ ತಿಂಗಳ ಬೆಳಿಗ್ಗೆ, ಐದು ಗಂಟೆ ದಾಟಿ ಬೆಳಕು ಹರಿಯುವ ಹೊತ್ತು, ನನ್ನ ಬೆನ್ನ ಹಿಂದಿನ ಬಟ್ಟೆಗೆ ಏನೋ ಒರೆಸಿದ ಹಾಗಾಯಿತು. ಆಮೇಲೆ ಉಸ್ಸೆಂದು ಬಿಸಿಯುಸಿರು. ಆಮೇಲೆ ಪಕ್ಕದ ಕಿಟಕಿಯಿಂದ ಒದ್ದೆ ಮೂಗೊಂದು ಒಳಗೆ ಬಂತು, ಮೂಗಿನ ತುದಿಯಲ್ಲಿ ಹುಲ್ಲಿನ ಎಸಳು ಅಂಟಿತ್ತು. ಕಪ್ಪುಬಿಳುಪು ಕಡಸುಗಳು, ಎಣಿಸಿದರೆ ಹನ್ನೊಂದು. ಒಂದು ನನ್ನ ಹೇಂಟೆ ಡಿಕಾಯ್‌ನ ತಲೆಯನ್ನು ತಾಯಿ ಕರುವನ್ನು ನೆಕ್ಕುವಂತೆ ನೆಕ್ಕಿತು. ಇನ್ನೊಂದಕ್ಕೆ ಜೇಕ್ ಹಿಡಿಸಲಿಲ್ಲ, ಹಣೆಯಿಂದ ನೂಕಿ ಕೆಡವಿ ಅದರ ಮೇಲೇ ನಿಂತಿತು. ಬೇಟೆ ಮುಗಿಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಕಡಸುಗಳಿಗೆ ಕುತೂಹಲ ಜಾಸ್ತಿ. ಹುಲ್ಲುಗಾವಲಾದರೆ ಬ್ಲೈಂಡನ್ನು ಬೇಲಿಯ ಹೊರಗೆ ಹಾಕಿ, ದನ ಯಾವ ದಿನ ಯಾವ ಹೊಲದಲ್ಲಿರುತ್ತದೆ ಅಂತ ಹಿಂದಿನ ದಿನ ರೈತನನ್ನು ಕೇಳಿ. ದನ ಇದ್ದ ದಿನ ಅಲ್ಲಿ ಈಡೂ ಬೇಡ.

## ಡಿಕಾಯ್ ಇಡುವುದು

ಎಷ್ಟು ದೂರ ಇಡಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಕೋವಿಗೆ ಸುಮಾರು 20 ಗಜ. ಬಿಲ್ಲಿಗೆ ಐದರಿಂದ ಎಂಟು. ಕೋವಿಗೆ 20 ಯಾಕೆ ಅಂದರೆ, ಎಷ್ಟೋ ಹುಂಜಗಳು ಡಿಕಾಯ್‌ನಿಂದ ಹದಿನೈದಿಪ್ಪತ್ತು ಗಜ ಆಚೆಯೇ ನಿಂತು ಮೆರೆಯುತ್ತವೆ. ಅಲ್ಲಿ ನಿಂತರೂ ನಿಮ್ಮಿಂದ 40 ಗಜ ಒಳಗೇ ಇರುತ್ತವೆ. ಡಿಕಾಯ್‌ನ್ನೇ 40ಕ್ಕೆ ಇಟ್ಟರೆ ಹಕ್ಕಿ 60ರಲ್ಲಿ ನಿಂತು ನಿಮ್ಮನ್ನು ಅಣಕಿಸುತ್ತದೆ.

ತೀರ ಹತ್ತಿರವೂ ಬೇಡ. ಟರ್ಕಿಗೆ ಬಳಸುವ, ಕೋವಿಯ ಬಾಯಿಯನ್ನು ಕಿರಿದು ಮಾಡುವ ಬಿಗಿ ಚೋಕ್‌ನಿಂದ ಹೊರಟ ಚರೆ 10 ಗಜದಲ್ಲಿ ಇನ್ನೂ ಮುಷ್ಟಿಯಷ್ಟೇ ಹರಡಿರುತ್ತದೆ. ಹಕ್ಕಿ ತಲೆ ಅಲ್ಲಾಡಿಸಿದರೆ ತಪ್ಪಿತು. ಕತ್ತಲಲ್ಲಿ ಹೆಜ್ಜೆ ಎಣಿಸಿ ಇಡಿ, 40 ಗಜದಲ್ಲಿ ಗುರುತಿಗೆ ಒಂದು ಕಡ್ಡಿಯನ್ನೂ ನೆಡಿ. ಬಯಲಲ್ಲಿ ದೂರ ಅಂದಾಜು ಮಾಡಲು ಮರ, ಕಂಬ ಏನೂ ಇರುವುದಿಲ್ಲ. 55 ಗಜ 35ರ ಹಾಗೆ ಕಾಣುತ್ತದೆ.

ಡಿಕಾಯ್ ಮುಖ ನನ್ನ ಕಡೆಗಾ, ಆಚೆಗಾ?

ಇದನ್ನೇ ಜನ ಜಾಸ್ತಿ ತಪ್ಪುವುದು. ಗಂಡು ಡಿಕಾಯ್ ನಿಮ್ಮನ್ನು ನೋಡುತ್ತಿರಬೇಕು. ಬಂದ ಹುಂಜ ಇನ್ನೊಂದು ಗಂಡಿನ ಹಿಂದಿನಿಂದ ಜಗಳ ಶುರು ಮಾಡುವುದಿಲ್ಲ. ಸುತ್ತಿ ಬಂದು ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಡುತ್ತದೆ. ಜೇಕ್ ನಿಮ್ಮತ್ತ ತಿರುಗಿದ್ದರೆ ನಿಜವಾದ ಹುಂಜ ಜೇಕ್‌ಗೂ ನಿಮಗೂ ನಡುವೆ ಬರುತ್ತದೆ. ಬೆನ್ನು ನಿಮ್ಮ ಕಡೆ. ಗರಿ ಬಿಚ್ಚಿದ ಬಾಲವೇ ಅದರ ಕಣ್ಣಿಗೆ ಪರದೆಯಾಗುತ್ತದೆ, ಆ ಎರಡು ಕ್ಷಣದಲ್ಲಿ ಕೋವಿ ಎತ್ತಬಹುದು.

ಹೇಂಟೆಯ ವಿಷಯ ಉಲ್ಟಾ. ಅದರ ಹತ್ತಿರ ಹಿಂದಿನಿಂದಲೋ ಪಕ್ಕದಿಂದಲೋ ಬರುತ್ತದೆ. ನಾನು ಇಡುವುದು ಹೀಗೆ: ನೆಲಕ್ಕೆ ಕೂತ ಹೇಂಟೆ, ಅದರ ಹಿಂದೆ ಒಂದು ಗಜದಲ್ಲಿ ಜೇಕ್, ಈಗಲೋ ಆಗಲೋ ಮೇಲೇರುವ ಹಾಗೆ. ಮೂರು ನಾಲ್ಕು ಗಜ ಪಕ್ಕಕ್ಕೆ ತಲೆ ತಗ್ಗಿಸಿ ಮೇಯುವ ಇನ್ನೊಂದು ಹೇಂಟೆ. ಕತ್ತು ನೆಟ್ಟಗೆ ಎತ್ತಿದ ಡಿಕಾಯ್‌ಗಳನ್ನೇ ತುಂಬಿಸಬೇಡಿ. ಟರ್ಕಿ ಭಾಷೆಯಲ್ಲಿ ಕತ್ತು ಎತ್ತಿದ್ದು ಅಂದರೆ ಏನೋ ಅಪಾಯ ಕಂಡಿದೆ ಅಂತ.

ಎಷ್ಟು ಡಿಕಾಯ್ ಬೇಕು? ಗರಿ ಬಿಚ್ಚಿದ ದೊಡ್ಡ ಹುಂಜದ ಡಿಕಾಯ್ ತಗೊಳ್ಳಲಾ?

ಏಪ್ರಿಲ್‌ಗೆ ಒಂದು ಉತ್ತರ, ಮೇ ಕೊನೆಗೆ ಇನ್ನೊಂದು. ಶುರುವಿನಲ್ಲಿ ಯಾರು ದೊಡ್ಡವರು ಅನ್ನುವ ಜಗಳ ಇನ್ನೂ ಮುಗಿದಿರುವುದಿಲ್ಲ, ಆಗ ಗಂಡು ಡಿಕಾಯ್ ಜತೆ ಎರಡು ಹೇಂಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂಡಿನ ಯಜಮಾನ ಓಡಿಯೇ ಬರುತ್ತಾನೆ. ಆದರೆ ಎರಡು ವರ್ಷದ ಹುಂಜ, ನಾಲ್ಕು ಸಲ ಒದೆ ತಿಂದದ್ದು, ಗರಿ ಬಿಚ್ಚಿ ನಿಂತ ದೊಡ್ಡಣ್ಣನನ್ನು ಕಂಡರೆ ಬಂದ ದಾರಿಯಲ್ಲೇ ವಾಪಸ್. ಅದಕ್ಕೇ ನಾನು ಜೇಕ್‌ನ ಪಕ್ಷ. ಅದನ್ನು ಯಾರು ಬೇಕಾದರೂ ಬೆದರಿಸಬಹುದು ಅಂತ ಎಲ್ಲ ಹುಂಜಕ್ಕೂ ಧೈರ್ಯ. ಮೇ ಎರಡನೇ ವಾರದ ಮೇಲೆ ಒಂದೇ ಹೇಂಟೆ ಸಾಕು, ಗಂಡು ಡಿಕಾಯ್‌ನ್ನು ಕಾರಲ್ಲೇ ಬಿಡಿ.

ಅಗ್ಗದ ಡಿಕಾಯ್ ಸಾಲದಾ? ಒಳ್ಳೇದು ಅಂದ್ರೆ ಸಿಕ್ಕಾಪಟ್ಟೆ ರೇಟು.

ಕಾಡಲ್ಲಿ ಅಗ್ಗದ್ದು ನಡೆಯುತ್ತದೆ, ಹುಂಜಕ್ಕೆ ನೋಡಲು ಸಿಗುವುದು ಹತ್ತು ಸೆಕೆಂಡು. ಬಯಲಲ್ಲಿ ಅದು ಹತ್ತು ನಿಮಿಷ ನೋಡುತ್ತದೆ. ಪ್ಲಾಸ್ಟಿಕ್ ಹೊಳಪೇ ದೊಡ್ಡ ಶತ್ರು, ಒದ್ದೆಯಾದರಂತೂ ಸ್ಟೀಲ್ ತಟ್ಟೆಯ ಹಾಗೆ ಮಿನುಗುತ್ತದೆ. ದುಡ್ಡು ಕಡಿಮೆ ಇದ್ದರೆ ಮೂರು ಅಗ್ಗದ್ದರ ಬದಲು ಒಂದು ಒಳ್ಳೆಯ ಹೇಂಟೆ ತಗೊಳ್ಳಿ.

ಇನ್ನೊಂದು ಯಾರೂ ಹೇಳದ್ದು, ಇಬ್ಬನಿ ಹೆಪ್ಪು. ಏಪ್ರಿಲ್‌ನಲ್ಲಿ ಇಲ್ಲಿ ಇನ್ನೂ ಹಿಮ ಬೀಳುವ ಚಳಿ. ನಾಲ್ಕೂವರೆಗೆ ಇಟ್ಟ ಡಿಕಾಯ್ ಆರು ಗಂಟೆಗೆ ಬೆನ್ನೆಲ್ಲ ಬೆಳ್ಳಗಾಗಿ, ಉಪ್ಪು ಸವರಿಟ್ಟ ಹಾಗಿರುತ್ತದೆ. ಜೀವ ಇರುವ ಹಕ್ಕಿಯ ಬೆಚ್ಚಗಿನ ಮೈ ಹಾಗಾಗುವುದಿಲ್ಲ. ಒಂದು ಹಳೇ ಪಂಚೆ ತುಂಡು ಜೇಬಲ್ಲಿರಲಿ, ಬೆಳಕು ಬರುವ ಮೊದಲು ಒರೆಸಿ. ಇಲ್ಲವೇ ಪಂಚೆ ಹೊದಿಸಿಟ್ಟು ಕೊನೆಗೆ ತೆಗೆಯಿರಿ.

ಗಾಳಿಗೆ ಡಿಕಾಯ್ ಬುಗುರಿ ತರ ಸುತ್ತುತ್ತೆ!

ಬಾಲದ ಎರಡೂ ಪಕ್ಕ, ಒಂದು ಗೇಣು ಬಿಟ್ಟು, ಒಂದೊಂದು ಕಡ್ಡಿ ನೆಡಿ. ಸ್ವಲ್ಪ ಅತ್ತಿತ್ತ ತೂಗುತ್ತದೆ, ಪೂರ್ತಿ ಸುತ್ತುವುದಿಲ್ಲ. ಆ ತೂಗಾಟ ಒಳ್ಳೆಯದೇ. ಬ್ಯಾಟರಿ ಹಾಕಿ ಅಲ್ಲಾಡಿಸುವ ಡಿಕಾಯ್ ಕೆಲವು ರಾಜ್ಯಗಳಲ್ಲಿ ನಿಷಿದ್ಧ, ಕೇಳಿ ತಗೊಳ್ಳಿ.

ರೀ, ಬೇರೆ ಯಾರಾದ್ರೂ ನಿಮ್ಮ ನಕಲಿ ಕೋಳಿಗೇ ಗುಂಡು ಹೊಡೆದ್ರೆ?

ಮನೆಯಲ್ಲಿ ಪ್ರತಿ ವರ್ಷ ಕೇಳುವ ಪ್ರಶ್ನೆ, ಕೇಳಬೇಕಾದ್ದೇ. ಹಾಗಾಗುವುದುಂಟು. ಅದಕ್ಕೆ ಡಿಕಾಯ್‌ಗಳನ್ನು ಕೈಯಲ್ಲಿ ಬರಿದೇ ಹಿಡಿದು ಹೋಗಬಾರದು, ಕಿತ್ತಳೆ ಬಣ್ಣದ ಚೀಲದಲ್ಲಿ ತಲೆ ಬಾಲ ಕಾಣದ ಹಾಗೆ ಒಯ್ಯಬೇಕು. ಕೆಂಪು, ಬಿಳಿ, ನೀಲಿ, ಕಪ್ಪು ಬಟ್ಟೆ ಹೊರಗೆ ಹಾಕಬಾರದು, ಹುಂಜದ ಬಣ್ಣಗಳೇ ಅವು. ಡಿಕಾಯ್ ಹಿಂದೆ ಸುತ್ತ 100 ಗಜ ನಿಮಗೆ ಸ್ಪಷ್ಟ ಕಾಣುತ್ತಿರಬೇಕು. ಇನ್ನೊಬ್ಬ ಬರಬಹುದಾದ ದಾರಿ, ಡಿಕಾಯ್, ನೀವು, ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಡಿಕಾಯ್‌ನ್ನು ಓರೆಗೆ ಇಡಿ. ಸಾರ್ವಜನಿಕ ಜಾಗದಲ್ಲಾದರೆ ಬ್ಲೈಂಡಿನ ನೆತ್ತಿಗೆ ಕಿತ್ತಳೆ ಬಟ್ಟೆ ಕಟ್ಟಿ. ಯಾರಾದರೂ ಬರುತ್ತಿರುವುದು ಕಂಡರೆ ಕೈ ಬೀಸಬೇಡಿ, ಕೋಳಿ ಕೂಗು ಹಾಕಲೇಬೇಡಿ. ಮನುಷ್ಯರ ದನಿಯಲ್ಲಿ ಜೋರಾಗಿ ಕೂಗಿ ಹೇಳಿ. ಆ ದಿನದ ಬೇಟೆ ಹಾಳಾದರೆ ಆಗಲಿ.

ಬಾಲದ ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದು ಹಕ್ಕಿಯ ಕಡೆ ತೆವಳುವ ಆಟ ವಿಡಿಯೋಗಳಲ್ಲಿ ನೋಡಿರುತ್ತೀರಿ. ನಾನು ಮಾಡುವುದಿಲ್ಲ, ನನ್ನ ಜತೆ ಬಂದವರಿಗೂ ಬಿಡುವುದಿಲ್ಲ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಹುಂಜ ಕೂಗ್ತಾನೇ ಬಂತು, ಆದ್ರೆ 80 ಗಜ ಆಚೆ ಹಾದುಹೋಯ್ತು. ಡಿಕಾಯ್ ಕಡೆ ತಿರುಗಿಯೂ ನೋಡಲಿಲ್ಲ!

ನೋಡಲಿಲ್ಲ ಅಂತ ಬೇಜಾರು ಮಾಡಬೇಡಿ, ಕಾಣಲೇ ಇಲ್ಲ ಅನ್ನಿ. ನನ್ನ ಮೊದಲ ವರ್ಷ ಪೂರ್ತಿ ಇದೇ ಕಥೆ. ಕಾರಿನಿಂದ ನೋಡಿದರೆ ಈ ಹೊಲಗಳು ಚಪ್ಪಟೆ ಅನಿಸುತ್ತವೆ. ಅಲ್ಲ. ಎಲ್ಲೆಲ್ಲೂ ಮೊಣಕಾಲುದ್ದದ ತಗ್ಗು, ಉಬ್ಬು. ನಾನು ಡಿಕಾಯ್ ಇಟ್ಟದ್ದು ಅಂಥ ಒಂದು ತಗ್ಗಲ್ಲಿ. ಎರಡು ಹುಂಜ ಉಬ್ಬಿನ ಆಚೆಯಿಂದ ತಲೆ ಮಾತ್ರ ತೋರಿಸಿಕೊಂಡು, ಹೊಳೆಯಲ್ಲಿ ತೇಲುವ ಎರಡು ತೆಂಗಿನಕಾಯಿಯ ಹಾಗೆ, ಎಡದಿಂದ ಬಲಕ್ಕೆ ಹೋದವು.

ಅವತ್ತಿನಿಂದ ಒಂದು ಅಭ್ಯಾಸ. ಹಿಂದಿನ ದಿನ ಮಧ್ಯಾಹ್ನ ಡಿಕಾಯ್ ನಿಲ್ಲಿಸಿ, ಹಕ್ಕಿ ಬಯಲಿಗೆ ಇಳಿಯುವ ಜಾಗಕ್ಕೆ ನಡೆದು ಹೋಗಿ, ಅಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತೇನೆ. ಟರ್ಕಿಯ ಕಣ್ಣು ನೆಲದಿಂದ ಮೂರಡಿ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಡಿಕಾಯ್‌ನ ಎದೆ ಕಾಣಬೇಕು, ಬರೀ ನೆತ್ತಿ ಕಂಡರೆ ಸಾಲದು. ಕಾಣದಿದ್ದರೆ ಡಿಕಾಯ್ ಉಬ್ಬಿನ ಮೇಲಕ್ಕೆ, ಅದಕ್ಕೆ ತಕ್ಕ ಹಾಗೆ ಬ್ಲೈಂಡೂ ಸರಿಯಬೇಕು. ಮೊದಲು ಹಕ್ಕಿಯ ದಾರಿ, ಆಮೇಲೆ ಡಿಕಾಯ್, ಕೊನೆಗೆ ಬ್ಲೈಂಡ್. ನಮ್ಮಲ್ಲಿ ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಕೂರಲು ಆರಾಮಾದ ಜಾಗ ಮೊದಲು ಹುಡುಕುತ್ತಾರೆ. ಮೇ ತಿಂಗಳಲ್ಲಿ ಮತ್ತೆ ಕೂತು ನೋಡಿ. ಕುದುರೆಮೆಂತ್ಯ ಎರಡು ವಾರದಲ್ಲಿ ಡಿಕಾಯ್‌ನ ಹೊಟ್ಟೆ ಮುಚ್ಚುವಷ್ಟು ಬೆಳೆದಿರುತ್ತದೆ.

ಬಂತು, ನೋಡ್ತು, 60 ಗಜದಲ್ಲಿ ಕಂಬದ ಹಾಗೆ ನಿಂತುಬಿಡ್ತು. ಈಗ?

ಈಗ ಸುಮ್ಮನಿರಿ. ಕೂಗು ನಿಲ್ಲಿಸಿ. ಬಯಲಲ್ಲಿ ಹುಂಜದ ಲೆಕ್ಕ ಹೀಗೆ: ‘ನಾನು ಕಾಣ್ತಾ ಇದ್ದೀನಲ್ಲ, ಹೇಂಟೆ ತಾನಾಗಿ ಬರಲಿ.’ ನೀವು ಕೂಗಿದಷ್ಟೂ ಅದು ಗರಿ ಕೆದರಿಕೊಂಡು ಅಲ್ಲೇ ಮೆರೆಯುತ್ತದೆ. ಹತ್ತು ನಿಮಿಷ ಮೌನ, ಆಮೇಲೆ ನೆಲ ಕೆದಕಿ ಮೇಯುವ ಹೇಂಟೆಯ ಸಣ್ಣ ಗುರುಗುಟ್ಟು. ಬರದಿದ್ದರೆ ಹೋಗಲಿ. 60 ಗಜದಲ್ಲಿ ಆಸೆಗೆ ಈಡು ಹೊಡೆದು ಗಾಯ ಮಾಡಿ ಕಳಿಸಬೇಡಿ.

ಮರುದಿನ ಡಿಕಾಯ್ ತಿರುಗಿಸಿ ನೋಡಿ. ಗಂಡು ಡಿಕಾಯ್ ಕಂಡು ನಿಂತಿದ್ದರೆ ಅದನ್ನು ತೆಗೆಯಿರಿ. ಹಕ್ಕಿ ನಿಂತ ಜಾಗಕ್ಕೂ ಹೋಗಿ ನೋಡಿ, ಅಲ್ಲೇ ರೆಕ್ಕೆ ಗೆರೆಗಳು ತುಂಬಿದ್ದರೆ ಅದು ಅದರ ದಿನನಿತ್ಯದ ಅಖಾಡ. ಬ್ಲೈಂಡನ್ನು 30 ಗಜ ಅತ್ತ ಸರಿಸುವುದು ಎಲ್ಲ ಕೂಗಿಗಿಂತ ಮೇಲು.

ಹುಂಜ ಹೇಂಟೆಗಳ ಬೆನ್ನು ಬಿಡಲ್ಲ. ನನ್ನ ಡಿಕಾಯ್ ಯಾರಿಗೆ ಬೇಕು?

ಹುಂಜವನ್ನು ಮರೆತು ಹೇಂಟೆಯನ್ನು ಕರೆಯಿರಿ. ಹಿಂಡಿನ ದೊಡ್ಡ ಹೇಂಟೆ ಕೂಗಿದ್ದನ್ನೇ ತಿರುಗಿ ಅದಕ್ಕಿಂತ ಜೋರಾಗಿ ಕೂಗಿ, ಮಾತಿಗೆ ಮಾತು ಬೆಳೆಸಿ. ರೇಗಿ ಹೊಸಬಳನ್ನು ನೋಡಲು ಅದು ಬಂದರೆ ಹುಂಜ ಬಾಲದ ಹಾಗೆ ಹಿಂದೆಯೇ ಬರುತ್ತದೆ. ಆಗ ಮೇಯುವ ಹೇಂಟೆ ಡಿಕಾಯ್ ಎರಡು ಮೂರಿದ್ದರೆ ಒಳ್ಳೆಯದು.

ಅದೂ ಆಗದಿದ್ದರೆ ತಿಂಡಿ ತಿಂದು ಕೂತಿರಿ. ಹೇಂಟೆ ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ, ಆಮೇಲೆ 28 ದಿನ ಕಾವು. ಬೆಳಿಗ್ಗೆ ಹತ್ತರ ಮೇಲೆ ಒಂದೊಂದಾಗಿ ಗೂಡಿನ ಕಡೆ ಜಾರುತ್ತವೆ. ಹನ್ನೊಂದು ಗಂಟೆಗೆ ಬಯಲಲ್ಲಿ ಒಂಟಿಯಾಗಿ ನಿಂತ ಹುಂಜಕ್ಕೆ ನಿಮ್ಮ ಒಂದೇ ಒಂದು ಹೇಂಟೆ ಡಿಕಾಯ್ ಅಪ್ಸರೆ. ನನ್ನ ಅರ್ಧಕ್ಕರ್ಧ ಹಕ್ಕಿಗಳು ಸಿಕ್ಕಿದ್ದು ಉಳಿದವರು ಮನೆಗೆ ಹೋದ ಮೇಲೆಯೇ.

ಮಳೆ ಬಂದ್ರೆ ಕ್ಯಾನ್ಸಲ್ಲಾ?

ಬಯಲಿನವರಿಗೆ ಮಳೆ ವರ. ಕಾಡಲ್ಲಿ ಹನಿ ತೊಟ್ಟಿಕ್ಕುವ ಸದ್ದಿಗೆ ಅವಕ್ಕೆ ಬೇರೇನೂ ಕೇಳಿಸುವುದಿಲ್ಲ, ಎಲ್ಲೆಲ್ಲೂ ಎಲೆ ಅಲ್ಲಾಡುತ್ತಿರುತ್ತದೆ, ಅದಕ್ಕೆ ತೆರೆದ ಜಾಗಕ್ಕೆ ಬಂದು ನಿಲ್ಲುತ್ತವೆ. ಬ್ಲೈಂಡ್ ಇದ್ದರೆ ನಿಮಗೂ ಸೂರು. ಡಿಕಾಯ್‌ನ ಹೊಳಪಿನ ಮಾತು ಮೇಲೆ ಹೇಳಿದ್ದೇನೆ, ಆಗಾಗ ಒರೆಸಲು ಆಗದಿದ್ದರೆ ಸ್ವಲ್ಪ ಹುಲ್ಲಿನ ಮರೆಯಲ್ಲಿಡಿ. ಗುಡುಗು ಸಿಡಿಲಾದರೆ ಮಾತ್ರ ಎದ್ದು ಬನ್ನಿ.

ಡಿಕಾಯ್ ಇಲ್ಲದೇ ಬಯಲಲ್ಲಿ ಆಗೋದೇ ಇಲ್ವಾ?

ಆಗುತ್ತದೆ, ಮತ್ತು ನನಗೆ ಈಗೀಗ ಇದೇ ಜಾಸ್ತಿ ಇಷ್ಟ. ನನ್ನನ್ನು ಮೊದಲ ವರ್ಷ ಸೋಲಿಸಿದ ಅದೇ ಉಬ್ಬನ್ನು ತಿರುಗಿಸಿ ಬಳಸುವುದು. ಉಬ್ಬಿನ ನೆತ್ತಿಯಿಂದ 25-30 ಗಜ ಈಚೆ, ಇಳಿಜಾರಿನ ಕೆಳಗೆ ಬದುವಿಗೋ ಒಂಟಿ ಮರಕ್ಕೋ ಬೆನ್ನು ಕೊಟ್ಟು ಕೂರಬೇಕು. ಆಚೆಯಿಂದ ಬರುವ ಹುಂಜಕ್ಕೆ ಕೂಗು ಕೇಳುತ್ತದೆ, ಹೇಂಟೆ ಕಾಣುವುದಿಲ್ಲ. ಆದರೆ ಕಾಣದಿರಲು ಉಬ್ಬು ಅಡ್ಡ ಇದೆಯಲ್ಲ, ಅನುಮಾನಕ್ಕೆ ಕಾರಣ ಇಲ್ಲ. ನೋಡಬೇಕಾದರೆ ನೆತ್ತಿಗೆ ಹತ್ತಲೇಬೇಕು, ಹತ್ತಿತೆಂದರೆ ಈಡಿನ ಅಳತೆಯೊಳಗೆ ಬಂದ ಹಾಗೆ.

ಕೋವಿ ಮೊಣಕಾಲ ಮೇಲೆ ಮೊದಲೇ ನೆತ್ತಿಗೆ ನೆಟ್ಟಿರಬೇಕು, ಆಮೇಲೆ ಅಲ್ಲಾಡಲು ಸಮಯವಿಲ್ಲ. ನೆತ್ತಿಯ ಆಚೆ ಏನಿದೆ ಅಂತ ಮುಂಚೆಯೇ ನಡೆದು ನೋಡಿರಬೇಕು. ರಸ್ತೆ, ಮನೆ, ದನ ಇದ್ದರೆ ಆ ಜಾಗ ಬೇಡ. ಕಳೆದ ಮೇನಲ್ಲಿ ಹೀಗೆ ಕೂತಿದ್ದೆ. ಮೊದಲು ಬಂದದ್ದು ಸದ್ದು, ಡೋಲಿನ ಒಳಗೆ ಯಾರೋ ಗುಮ್ಮೆಂದ ಹಾಗೆ, ಗರಿ ಕೆದರುವಾಗ ಹುಂಜದ ಎದೆಯಿಂದ ಬರುವ ಸದ್ದು. ಆಮೇಲೆ ಕೂಳೆಯ ಮೇಲೆ ಬಾಲದ ಗರಿಗಳ ತುದಿ, ಉದಯಕ್ಕೆ ಮೊದಲ ಸೂರ್ಯನ ಅಂಚಿನ ಹಾಗೆ, ಇಷ್ಟಿಷ್ಟೇ ಮೇಲೆ. ನಡುವಿನ ಗರಿಗಳು ಉದ್ದ ಇದ್ದವು. ಜೇಕ್. ಹೊಡೆಯಲು ಕಾನೂನಿನ ಅಡ್ಡಿ ಇರಲಿಲ್ಲ, ಆದರೂ ಕೋವಿ ಇಳಿಸಿದೆ. ಅದು ಹೇಂಟೆ ಹುಡುಕುತ್ತಾ ನನ್ನ ಬೂಟಿನಿಂದ ಹನ್ನೆರಡು ಗಜಕ್ಕೆ ಬಂದು, ನನ್ನ ಕಣ್ಣು ಮಿಟುಕಿದ್ದು ಕಂಡು ಹಾರಿಹೋಯಿತು.